ಮೆಣಸಿನ ಲೆಕ್ಕ ಬರೆದ ಅನುಭಾವಿ

ಐಸಾಕ್ ಲೂರಿಯಾ ತನ್ನ ಕೈಯಾರೆ ಬರೆದು ಬಿಟ್ಟುಹೋದದ್ದು ಬಹಳ ಕಡಿಮೆ. ಒಂದಿಷ್ಟು ಟಿಪ್ಪಣಿ, ಕೆಲವು ಭಕ್ತಿಗೀತೆ, ಅಷ್ಟೇ. ಆದರೂ ಅವನ ನಂತರ ಬಂದ ಯಹೂದಿ ಅನುಭಾವಿಗಳಲ್ಲಿ ಅವನ ಋಣವಿಲ್ಲದವರು ಅಪರೂಪ. 1534ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬೆಳೆದು, 1570ರ ಹೊತ್ತಿಗೆ ಗಲಿಲಾಯದ ಬೆಟ್ಟದೂರು ಸಫೇದಿಗೆ ಬಂದ. ಎರಡು ವರ್ಷ ಪಾಠ ಹೇಳುವಷ್ಟರಲ್ಲಿ ಊರಿಗೆ ಪ್ಲೇಗ್ ಬಡಿದು 1572ರಲ್ಲಿ ತೀರಿಕೊಂಡ. ಆಗ ಅವನಿಗೆ ವಯಸ್ಸು 38. ಅವನು ಬಾಯಲ್ಲಿ ಹೇಳಿದ್ದನ್ನು ಶಿಷ್ಯ ಹೈಮ್ ವಿಟಾಲ್ ಬರೆದಿಟ್ಟದ್ದರಿಂದ ಇಂದು ನಮಗೆ ಲೂರಿಯಾ ಗೊತ್ತು.

ಆದರೆ ಅವನ ಇನ್ನೊಂದು ಬಗೆಯ ಬರಹವೂ ಉಳಿದಿದೆ. ಅದು ವ್ಯಾಪಾರದ ಕಾಗದ. ಕೈರೋದ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರ ಕತ್ತಲೆ ಕೋಣೆಯಲ್ಲಿ ಸಿಕ್ಕ ಲಕ್ಷಾಂತರ ಹಾಳೆಗಳ ನಡುವೆ ಈ ಮಹಾ ಅನುಭಾವಿ ಧಾನ್ಯದ, ಮೆಣಸಿನ ವ್ಯವಹಾರ ಮಾಡಿದ ಪತ್ರಗಳಿವೆ. ನೈಲ್ ನದಿಯ ದ್ವೀಪವೊಂದರಲ್ಲಿ ವರ್ಷಗಟ್ಟಲೆ ಏಕಾಂತದಲ್ಲಿ ಕುಳಿತು ಧ್ಯಾನ ಮಾಡಿದನೆಂದು ಕಥೆ ಹೇಳುವವರು ಈ ಮೆಣಸಿನ ಮೂಟೆಯನ್ನು ಮುಚ್ಚಿಡುತ್ತಾರೆ. ಸಾಯುವ ಕೆಲವೇ ದಿನ ಮುಂಚೆ ಗಿರಾಕಿಗಳ ಲೆಕ್ಕ ಚುಕ್ತಾ ಮಾಡಿದನೆಂಬ ಉಲ್ಲೇಖವೂ ಇದೆ. ಕೊಡಗಿನಲ್ಲಿ ಕೂತು ಇದನ್ನು ಓದುವಾಗ ಒಳ್ಳೆಮೆಣಸಿನ ಬಳ್ಳಿಯ ಕಡೆ ಕಣ್ಣು ಹಾಯದೆ ಇರುವುದಿಲ್ಲ. ಹಾಗೆಂದು ಲೂರಿಯಾ ಮಾರಿದ್ದು ನಮ್ಮ ಘಟ್ಟದ ಮೆಣಸೇ ಎಂದು ಎದೆ ತಟ್ಟಿಕೊಳ್ಳುವಂತಿಲ್ಲ. ಆ ಕಾಲಕ್ಕೆ ಕೆಂಪು ಸಮುದ್ರದ ದಾರಿಯಲ್ಲಿ ಸುಮಾತ್ರಾದ ಮೆಣಸೂ ಹೋಗುತ್ತಿತ್ತು, ಮಲಬಾರಿನದೂ ಹೋಗುತ್ತಿತ್ತು. ಅವನ ಮೂಟೆಯಲ್ಲಿದ್ದದ್ದು ಯಾವುದೆಂದು ಕಾಗದ ಹೇಳುವುದಿಲ್ಲ.

ಧರ್ಮಗ್ರಂಥ ಒಂದು ಕೈಯಲ್ಲಿ, ಲೆಕ್ಕದ ಚೀಟಿ ಇನ್ನೊಂದು ಕೈಯಲ್ಲಿ: ಈ ಎರಡನ್ನೂ ಓದಬಲ್ಲವರು ಬೇಕು ಎಂದು ವಿಶ್ವವಿದ್ಯಾಲಯಗಳಿಗೆ ಹೊಳೆದದ್ದು ತೀರಾ ಈಚೆಗೆ. ಯಹೂದಿ ಅನುಭಾವದ ಅಧ್ಯಯನ ಒಂದು ಉದ್ಯೋಗವಾಗಿ, ಅಧ್ಯಾಪಕ ಹುದ್ದೆಯಾಗಿ ರೂಪುಗೊಂಡು ಇನ್ನೂ ನೂರೇ ವರ್ಷ. ಅದರ ಆರಂಭದಲ್ಲಿ ಇಬ್ಬರು ತರುಣರು ಹತ್ತಿದ ಒಂದು ಹಡಗಿದೆ.

1923ರ ಸೆಪ್ಟೆಂಬರಿನಲ್ಲಿ ಟ್ರಿಯೆಸ್ಟ್ ಬಂದರಿನಿಂದ ಪ್ಯಾಲೆಸ್ಟೈನಿಗೆ ಹೊರಟ ಆ ಹಡಗಿನಲ್ಲಿ ಡಾಕ್ಟರೇಟ್ ಪಡೆದ ಜರ್ಮನಿಯ ಇಬ್ಬರು ಯಹೂದಿಗಳಿದ್ದರು. ಒಬ್ಬ ಬರ್ಲಿನ್ನಿನ ಮುದ್ರಣಾಲಯದ ಮಾಲೀಕನ ಮಗ ಗೇರ್ಶೋಮ್ ಶೋಲೆಮ್, ವಯಸ್ಸು 25. ಇನ್ನೊಬ್ಬ ಬವೇರಿಯಾದ ಪುಟ್ಟ ಊರೊಂದರ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ, ಮಗ ಶ್ಲೋಮೊ ದೋವ್ ಗೋಯ್ಟೈನ್, 23. ಒಬ್ಬನು ಯಹೂದಿ ಅನುಭಾವವನ್ನು ವಿಶ್ವವಿದ್ಯಾಲಯದ ವಿಷಯವಾಗಿಸಿದ. ಇನ್ನೊಬ್ಬನ ದಾರಿ ಅರಬ್ಬೀ ಭಾಷೆ, ಯೆಮೆನ್, ಕೈರೋ ಎಂದು ಸುತ್ತಿ, ಕೊನೆಗೆ ನಮ್ಮ ಮಂಗಳೂರಿಗೆ ಬಂದು ಮುಟ್ಟಿತು.

ಶೋಲೆಮ್ಮನದು ಮೊದಲಿಂದಲೂ ಮೊಂಡು ಸ್ವಭಾವ. ಮೊದಲ ಮಹಾಯುದ್ಧವನ್ನು ಒಪ್ಪದ ಈ ಮಗನನ್ನು ಅಪ್ಪ 1917ರಲ್ಲಿ ಮನೆಯಿಂದ ಹೊರಗೆ ಹಾಕಿದ. ಗಣಿತ ಓದುತ್ತಿದ್ದ ಹುಡುಗ ಕಬ್ಬಾಲಾಕ್ಕೆ ತಿರುಗಿಕೊಂಡ. ಕಬ್ಬಾಲಾ ಎಂದರೆ ದೇವರ ಒಳಬದುಕನ್ನು, ಸೃಷ್ಟಿಯ ಗುಟ್ಟನ್ನು ಶೋಧಿಸುವ ಯಹೂದಿ ರಹಸ್ಯ ವಿದ್ಯೆ. 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕು ಕಂಡ ‘ಜೊಹಾರ್’ ಅದರ ಮುಖ್ಯ ಗ್ರಂಥ. 19ನೇ ಶತಮಾನದ ಯಹೂದಿ ಪಂಡಿತರಿಗೆ ಇದೆಲ್ಲ ಮನೆಯ ಮಾನ ಕಳೆಯುವ ಸಂಗತಿಯಾಗಿತ್ತು. ನಾವು ವಿಚಾರವಂತರು, ಯುರೋಪಿನ ಸಮಾನ ನಾಗರಿಕರು ಎಂದು ತೋರಿಸಿಕೊಳ್ಳಬೇಕಾದ ಕಾಲ ಅದು. ಮಂತ್ರ, ಸಂಖ್ಯೆ, ದೇವದೂತರ ಪುಸ್ತಕ ಯಾರಿಗೆ ಬೇಕು? ಯಹೂದಿಗಳ ಚರಿತ್ರೆಯನ್ನು ಹಲವು ಸಂಪುಟಗಳಲ್ಲಿ ಬರೆದ ಹೈನ್ರಿಶ್ ಗ್ರೆಟ್ಸ್, ಜೊಹಾರ್ ಅನ್ನು ಸುಳ್ಳಿನ ಕಂತೆ ಎಂದೇ ಎಣಿಸಿದ್ದ. ತರುಣ ಶೋಲೆಮ್ ಒಮ್ಮೆ ಕಬ್ಬಾಲಾದ ತಜ್ಞನೆಂದು ಹೆಸರಾಗಿದ್ದ ಹಿರಿಯ ರಬ್ಬಿಯೊಬ್ಬರ ಮನೆಗೆ ಹೋದ. ಹಸ್ತಪ್ರತಿಗಳನ್ನು ಕಂಡು ಹಿಗ್ಗಿದ. ಇವನ್ನೆಲ್ಲ ಓದಿದ್ದೀರಾ ಎಂದು ಕೇಳಿದರೆ, ಈ ಕಸವನ್ನು ಓದುವುದೂ ನನ್ನ ಕೆಲಸವೇ ಎಂದು ರಬ್ಬಿ ಮರುಪ್ರಶ್ನೆ ಹಾಕಿದರಂತೆ. ತಜ್ಞನೇ ಓದದ ಕ್ಷೇತ್ರದಲ್ಲಿ ತನಗೆ ಜಾಗವಿದೆ ಎಂದು ಹುಡುಗನಿಗೆ ಅಂದೇ ಖಾತ್ರಿಯಾಯಿತು.

ಮ್ಯೂನಿಕ್ಕಿನಲ್ಲಿ 1922ರಲ್ಲಿ ಡಾಕ್ಟರೇಟ್ ಪಡೆದು ಜೆರುಸಲೇಮಿಗೆ ಬಂದವನಿಗೆ ಸಿಕ್ಕ ಮೊದಲ ಕೆಲಸ ಗ್ರಂಥಪಾಲನದು. 1925ರಲ್ಲಿ ಹೀಬ್ರೂ ವಿಶ್ವವಿದ್ಯಾಲಯ ತೆರೆದಾಗ ಉಪನ್ಯಾಸಕ, 1933ರಲ್ಲಿ ಪ್ರಾಧ್ಯಾಪಕ. ಕೆಲಸದ ಸ್ವರೂಪ ಸರಳ, ಆದರೆ ಕೊನೆಯಿಲ್ಲದ್ದು: ಯಾವ ಹಸ್ತಪ್ರತಿ ಯಾರದು, ಯಾವ ಕಾಲದ್ದು, ಯಾರಿಂದ ಯಾರು ನಕಲು ಮಾಡಿದರು ಎಂದು ಗೊತ್ತು ಮಾಡುವುದು. ಯಾರಿಗೂ ಬೇಡವಾಗಿದ್ದ ಕಬ್ಬಾಲಾ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದವು. ತನ್ನ ಬಳಿ ಇಲ್ಲದ ಪುಸ್ತಕಗಳ ಪಟ್ಟಿಯನ್ನೇ 1937ರಲ್ಲಿ ಅಚ್ಚು ಹಾಕಿಸಿ ಹಂಚಿದ. ಹೀಗೆ ಸೇರಿದ ಸಾವಿರಾರು ಪುಸ್ತಕಗಳ ಆ ಭಂಡಾರ ಈಗ ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1938ರಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳು 1941ರಲ್ಲಿ ಪುಸ್ತಕವಾದವು. ಯಹೂದಿ ಅನುಭಾವವನ್ನು ಜಗತ್ತಿನ ಓದುಗರಿಗೆ ಪರಿಚಯಿಸಿದ್ದು ಆ ಪುಸ್ತಕವೇ.

ಲೂರಿಯಾ ಹೇಳಿದ್ದೇನು? ಶೋಲೆಮ್ ಬಿಡಿಸಿಟ್ಟ ಬಗೆಯಲ್ಲಿ ಹೇಳುವುದಾದರೆ: ಮೊದಲು ಎಲ್ಲೆಲ್ಲೂ ಅನಂತವೇ ತುಂಬಿತ್ತು. ಲೋಕಕ್ಕೆ ಜಾಗವಾಗಬೇಕೆಂದು ಅದು ತನ್ನೊಳಗೆ ತಾನೇ ಸಂಕೋಚಗೊಂಡು ಒಂದು ತೆರಪು ಬಿಟ್ಟಿತು. ಆ ತೆರಪಿಗೆ ಹರಿದ ಬೆಳಕನ್ನು ತಾಳಲಾರದೆ ಅದಕ್ಕಾಗಿ ಇಟ್ಟ ಪಾತ್ರೆಗಳು ಒಡೆದವು. ಕಿಡಿಗಳು ಚೆಲ್ಲಾಪಿಲ್ಲಿಯಾಗಿ ಲೋಕದ ಮೂಲೆ ಮೂಲೆಯಲ್ಲಿ ಸಿಕ್ಕಿಕೊಂಡಿವೆ. ಮನುಷ್ಯ ಮಾಡುವ ಒಂದೊಂದು ಒಳ್ಳೆಯ ಕೆಲಸವೂ ಅವುಗಳಲ್ಲಿ ಒಂದನ್ನು ಎತ್ತಿ ಸ್ವಸ್ಥಾನಕ್ಕೆ ಸೇರಿಸುತ್ತದೆ. ಕನ್ನಡ ಓದುಗನಿಗೆ ಇಲ್ಲಿ ಶರಣರ ಬಯಲು ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಆ ಹೋಲಿಕೆಯನ್ನು ಅಲ್ಲಿಗೇ ಬಿಡುವುದು ವಾಸಿ. ಒಡೆದ ಪಾತ್ರೆಯ ಈ ನೋವು ಬೇರೆ ಊರಿನದು. 1492ರಲ್ಲಿ ಸ್ಪೇನಿನಿಂದ ಯಹೂದಿಗಳನ್ನು ಅಟ್ಟಿದರಲ್ಲ, ಆ ಗಡಿಪಾರಿನ ಗಾಯವೇ ಲೂರಿಯಾನಲ್ಲಿ ತತ್ತ್ವವಾಯಿತು ಎಂಬುದು ಶೋಲೆಮ್ಮನ ವಾದ. ಮುಂದಿನ ತಲೆಮಾರಿನ ವಿದ್ವಾಂಸ ಮೋಶೆ ಇಡೆಲ್ 1988ರ ತನ್ನ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದ: ಲೂರಿಯಾನ ಕಲ್ಪನೆಗಳ ಬೇರು ಗಡಿಪಾರಿಗಿಂತ ಹಳೆಯದು, ಚರಿತ್ರೆಯ ಪೆಟ್ಟಿಗೆ ಅನುಭಾವದ ಮುಲಾಮು ಎಂಬ ಸಮೀಕರಣ ಅಷ್ಟು ಸಲೀಸಲ್ಲ. ನನಗೆ ಇಡೆಲ್ ಹೇಳುವುದು ಸರಿ ಎನಿಸುತ್ತದೆ. ಆದರೂ ಓದುವಾಗ ಹಿಡಿದು ಕೂರಿಸುವವನು ಶೋಲೆಮ್ಮನೇ.

ಅವನ ದೊಡ್ಡ ಪುಸ್ತಕ 1957ರಲ್ಲಿ ಹೀಬ್ರೂವಿನಲ್ಲಿ ಬಂತು, 1973ರಲ್ಲಿ ಇಂಗ್ಲಿಷಿಗೆ ಹೋದಾಗ ಸಾವಿರ ಪುಟದ ಹತ್ತಿರ ಬೆಳೆದಿತ್ತು. ಅದರ ನಾಯಕ ಸಬ್ಬತಾಯ್ ಸೇವಿ, ತುರ್ಕಿಯ ಸ್ಮಿರ್ನಾದಲ್ಲಿ 1626ರಲ್ಲಿ ಹುಟ್ಟಿದವನು. ಕೆಲವು ದಿನ ಉತ್ಸಾಹದ ತುದಿ, ಕೆಲವು ದಿನ ಮಂಕು. ಮಂಕು ಬಿಟ್ಟಾಗ ಶಾಸ್ತ್ರ ನಿಷೇಧಿಸಿದ್ದನ್ನೇ ಎಲ್ಲರ ಮುಂದೆ ಮಾಡುವ ವಿಚಿತ್ರ ಮನುಷ್ಯ. ಗಾಜಾದ ನಾಥನ್ ಎಂಬ ತರುಣ ಕಬ್ಬಾಲಾ ಪಂಡಿತ 1665ರಲ್ಲಿ ಇವನೇ ಮೆಸ್ಸಾಯ, ಯಹೂದಿಗಳು ಕಾಯುತ್ತಿದ್ದ ಉದ್ಧಾರಕ, ಎಂದು ಸಾರಿದ. ಆಗ ಕೊಡಗಿನಲ್ಲಿ ಹಾಲೇರಿಯ ಮುದ್ದುರಾಜನ ಆಳ್ವಿಕೆ. ಅವನು ಮಡಿಕೇರಿಗೆ ಬಂದು ಕೋಟೆ ಕಟ್ಟಲು ಇನ್ನೂ ಹದಿನಾರು ವರ್ಷವಿತ್ತು. ಮೆಸ್ಸಾಯನ ಸುದ್ದಿ ಪತ್ರದಿಂದ ಪತ್ರಕ್ಕೆ ಹಾರಿ ಯೆಮೆನ್, ಮೊರಾಕ್ಕೊ, ಪೋಲೆಂಡ್, ಆಮ್‌ಸ್ಟರ್‌ಡಾಮ್ ಎಲ್ಲವನ್ನೂ ಅಲ್ಲಾಡಿಸಿತು. ಜನ ಆಸ್ತಿ ಮಾರಿದರು, ಉಪವಾಸ ಕೂತರು.

ಹ್ಯಾಂಬರ್ಗಿನ ಗ್ಲಿಕ್ಲ್ ಎಂಬ ವ್ಯಾಪಾರಿ ಹೆಂಗಸು ಬರೆದಿಟ್ಟ ಆತ್ಮಕಥೆಯಲ್ಲಿ ಇದರ ಒಂದು ಮನೆಮಟ್ಟದ ವಿವರವಿದೆ. ಆಕೆಯ ಮಾವ ಬೇರೆ ಊರಿನಲ್ಲಿ ಮನೆಮಠ ಬಿಟ್ಟು, ಪವಿತ್ರ ಭೂಮಿಗೆ ಹೊರಡುವುದೇ ತಡ ಎಂದು ಎರಡು ದೊಡ್ಡ ಪೀಪಾಯಿಗಳನ್ನು ಸೊಸೆಯ ಮನೆಗೆ ಕಳಿಸಿದ. ಒಂದರಲ್ಲಿ ಬಟ್ಟೆಬರೆ. ಇನ್ನೊಂದರಲ್ಲಿ ಬಟಾಣಿ, ಬೀನ್ಸ್, ಒಣ ಮಾಂಸ, ಒಣ ಹಣ್ಣು, ಕೆಡದೆ ಉಳಿಯುವಂಥದೆಲ್ಲ. ಹಡಗು ಬಂದೊಡನೆ ಏರಿಸಬೇಕು. ವರ್ಷ ಕಳೆದರೂ ಪೀಪಾಯಿಗಳು ಅಲ್ಲೇ ಕೂತಿದ್ದವು. ಕೊನೆಗೆ ತಿನ್ನುವ ಪದಾರ್ಥ ಹಾಳಾದೀತೆಂದು ತೆಗೆಯಬೇಕಾಯಿತು. ಏಕೆಂದರೆ 1666ರ ಸೆಪ್ಟೆಂಬರಿನಲ್ಲಿ ತುರ್ಕಿಯ ಸುಲ್ತಾನನ ಎದುರು ನಿಂತ ಮೆಸ್ಸಾಯ ಇಸ್ಲಾಮಿಗೆ ಮತಾಂತರವಾಗಿ ತಲೆಗೆ ಪೇಟ ಸುತ್ತಿಕೊಂಡಿದ್ದ.

ಶೋಲೆಮ್ಮನಿಗೆ ಕಾಡಿದ್ದು ಇದರ ನಂತರದ್ದು. ನಂಬಿದವರಲ್ಲಿ ಒಂದು ಪಾಲು ಜನ ನಂಬುವುದನ್ನು ಬಿಡಲಿಲ್ಲ. ಕೆಟ್ಟ ಜಾಗದಲ್ಲಿ ಸಿಕ್ಕಿಬಿದ್ದ ಕಿಡಿಯನ್ನು ಎತ್ತಲು ಮೆಸ್ಸಾಯನೇ ಅಲ್ಲಿಗಿಳಿಯಬೇಕಾಯಿತು ಎಂದು ಲೂರಿಯಾನ ತತ್ತ್ವವನ್ನೇ ಹಿಡಿದು ವಾದಿಸಿದರು. ಕೆಲವರು ಹೊರಗೆ ಮುಸ್ಲಿಮರಾಗಿ, ಒಳಗೆ ಸಬ್ಬತಾಯ್‌ನ ಭಕ್ತರಾಗಿ ಸಲೋನಿಕಾದಲ್ಲಿ ತಲೆಮಾರುಗಟ್ಟಲೆ ಬದುಕಿದರು. ಹಳೆಯ ಇತಿಹಾಸಕಾರರು ಇದನ್ನೆಲ್ಲ ಹುಚ್ಚು ಎಂದು ಎರಡು ಪುಟದಲ್ಲಿ ಮುಗಿಸಿದ್ದರು. ಸೋತ, ನಗೆಪಾಟಲಾದ ನಂಬಿಕೆಗೂ ಸರಿಯಾದ ಚರಿತ್ರೆ ಬರೆಯಬೇಕು ಎಂಬುದು ಶೋಲೆಮ್ ಹಾಕಿಕೊಟ್ಟ ದಾರಿ. ಇಂದು ‘ಆರಂಭಿಕ ಆಧುನಿಕ’ ಯಹೂದಿ ಚರಿತ್ರೆ ಎನ್ನುವ ವಿಭಾಗ, ಅಂದರೆ ಸುಮಾರು 1492ರಿಂದ 18ನೇ ಶತಮಾನದ ಕೊನೆಯ ತನಕದ್ದು, ಆ ದಾರಿಯಲ್ಲೇ ನಡೆದಿದೆ. 2004ರಲ್ಲಿ ಇತಿಹಾಸಕಾರ ಮ್ಯಾಟ್ ಗೋಲ್ಡಿಶ್ ಸಬ್ಬತಾಯ್ ಕಾಲದಲ್ಲಿ ಮೈಮೇಲೆ ಬಂದು ನುಡಿಯುತ್ತಿದ್ದ ಪ್ರವಾದಿಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಮೈಮೇಲೆ ಬರುವುದು, ತೆರೆ ಕಟ್ಟಿದವರ ಬಾಯಲ್ಲಿ ದೈವ ಮಾತಾಡುವುದು ನಮಗೇನೂ ಹೊಸತಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳದೆ, ಪವಾಡ ಎಂದು ತಲೆಯ ಮೇಲೂ ಇಟ್ಟುಕೊಳ್ಳದೆ, ಯಾರು, ಯಾವಾಗ, ಎಲ್ಲಿ, ಏನು ನುಡಿದರು ಎಂದು ಬರೆದಿಡುವ ಶಿಸ್ತು ಮಾತ್ರ ಕಲಿಯಬೇಕಾದದ್ದು.

ಆ ಶಿಸ್ತು ಕೊಡಗಿನಲ್ಲಿ ಇರಲಿಲ್ಲವೆಂದಲ್ಲ. ಶೋಲೆಮ್ ಮತ್ತು ಗೋಯ್ಟೈನ್ ಹಡಗಿಳಿದ ಮರುವರ್ಷ, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಅಚ್ಚಾಯಿತು. ಪೊಲೀಸ್ ಇಲಾಖೆಯಲ್ಲಿದ್ದ ಚಿಣ್ಣಪ್ಪ ಹಾಡುಗಾರರ ಬಾಯಲ್ಲಿದ್ದ ಮದುವೆ, ಸಾವು, ಹಬ್ಬ, ದೈವಗಳ ಹಾಡುಗಳನ್ನು ಕೊಡವ ತಕ್ಕಿನಲ್ಲೇ, ಕನ್ನಡ ಲಿಪಿಯಲ್ಲಿ ಹಿಡಿದಿಟ್ಟರು. ವಿಶ್ವವಿದ್ಯಾಲಯದ ಹುದ್ದೆ ಅವರಿಗಿರಲಿಲ್ಲ. ಬಾಯಿಮಾತೆಂದು ಯಾರೂ ಲೆಕ್ಕಕ್ಕೆ ಹಿಡಿಯದ್ದನ್ನು ದಾಖಲೆಯಾಗಿಸಿದ ಈ ಕೆಲಸಕ್ಕೂ ಜೆರುಸಲೇಮಿನ ಆ ಕೆಲಸಕ್ಕೂ ನೆಂಟಸ್ತಿಕೆ ಇದೆ ಎಂದು ನನ್ನ ನಂಬಿಕೆ.

ಗೋಯ್ಟೈನ್ ಕೂಡ ಬಾಯಿಮಾತಿನಿಂದಲೇ ಶುರು ಮಾಡಿದವನು. ಕೆಲವು ವರ್ಷ ಹೈಫಾದ ಶಾಲೆಯಲ್ಲಿ ಮೇಷ್ಟ್ರಾಗಿದ್ದು, 1928ರಲ್ಲಿ ವಿಶ್ವವಿದ್ಯಾಲಯ ಸೇರಿದ. ಯೆಮೆನ್‌ನಿಂದ ವಲಸೆ ಬಂದ ಯಹೂದಿಗಳನ್ನು ಕೂರಿಸಿಕೊಂಡು ಅವರ ಊರು, ಭಾಷೆ, ಮದುವೆ, ಕಸಬುಗಳನ್ನು ಕೇಳಿ ಬರೆದುಕೊಂಡ. ಸುಮಾರು 1950ರ ಹೊತ್ತಿಗೆ, ನಡುವಯಸ್ಸು ದಾಟುವಾಗ, ಕೈರೋದ ಗೆನೀಜಾ ಅವನನ್ನು ಸೆಳೆಯಿತು.

ಗೆನೀಜಾ ಎಂದರೆ ಸಿನಗಾಗಿನ ಹಳೆಯ ಕಾಗದದ ಕೋಣೆ. ದೇವರ ಹೆಸರು ಬರೆದ ಹಾಳೆಯನ್ನು ಬಿಸಾಡಬಾರದು, ಸುಡಬಾರದು. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಸಂಕೋಚ ಅರ್ಥವಾಗುವಂಥದೇ. ಹಳೆಯ ಕೈರೋ, ಅಂದರೆ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನವರು ಹೀಬ್ರೂ ಅಕ್ಷರವಿದ್ದ ಎಲ್ಲ ಕಾಗದಗಳನ್ನೂ ಅಲ್ಲಿ ಹಾಕುತ್ತ ಬಂದರು: ಪ್ರಾರ್ಥನೆ, ಮದುವೆ ಕರಾರು, ಸಾಲಪತ್ರ, ಮಕ್ಕಳ ಕಾಪಿ ಪುಸ್ತಕ, ಅಂಗಡಿ ಚೀಟಿ. ಹೀಗೆ ಸುಮಾರು ಒಂಬೈನೂರು ವರ್ಷ. 1896–97ರ ಚಳಿಗಾಲದಲ್ಲಿ ವಿದ್ವಾಂಸ ಸೊಲೊಮನ್ ಶೆಖ್ಟರ್ ಅಲ್ಲಿಂದ ಕೇಂಬ್ರಿಜ್‌ಗೆ ಸಾಗಿಸಿದ್ದೇ 1,93,000ದಷ್ಟು ತುಣುಕು. ವಿದ್ವಾಂಸರು ಮೊದಲು ಮುಗಿಬಿದ್ದದ್ದು ಧರ್ಮಗ್ರಂಥಗಳ ಮೇಲೆ. ವ್ಯಾಪಾರದ ಪತ್ರಗಳು ಹೆಚ್ಚಾಗಿ ಅರಬ್ಬೀ ಮಾತಿನವು, ಆದರೆ ಲಿಪಿ ಹೀಬ್ರೂ. ನಮ್ಮಲ್ಲಿ ಕೊಡವ ತಕ್ಕ್ ಕನ್ನಡ ಅಕ್ಷರದಲ್ಲಿ ಬರುವ ಹಾಗೆ. ಎರಡೂ ಬಲ್ಲವರು ಕಡಿಮೆಯಿದ್ದುದರಿಂದ ಅವು ಮೂಲೆಯಲ್ಲೇ ಉಳಿದಿದ್ದವು.

ಭಾರತಕ್ಕೆ ಹೋಗಿದ್ದ ವ್ಯಾಪಾರಿಯೊಬ್ಬನ ನ್ಯಾಯಾಲಯದ ತಕರಾರು ಕಣ್ಣಿಗೆ ಬಿದ್ದಾಗ ಗೋಯ್ಟೈನ್‌ಗೆ ಗುಂಗು ಹಿಡಿಯಿತು. ‘ಇಂಡಿಯಾ ಬುಕ್’ ಎಂದು ಹೆಸರಿಟ್ಟು ಭಾರತದ ವ್ಯಾಪಾರದ ಕಾಗದಗಳನ್ನೆಲ್ಲ ಒಟ್ಟುಗೂಡಿಸತೊಡಗಿದ. 1957ರಲ್ಲಿ ಅಮೆರಿಕಕ್ಕೆ ಹೋದ. ಭಾರತದ ವ್ಯಾಪಾರ ತಿಳಿಯಬೇಕಾದರೆ ವ್ಯಾಪಾರಿಗಳ ಮನೆ, ಮದುವೆ, ಊರು ತಿಳಿಯಬೇಕಲ್ಲ ಎಂದು ಪಕ್ಕದ ಕೆಲಸಕ್ಕೆ ಕೈಹಾಕಿ, ಮೆಡಿಟರೇನಿಯನ್ ಸಮಾಜದ ಮೇಲೆ ಐದು ಸಂಪುಟ ಬರೆದ. ಮೊದಲನೆಯದು 1967ರಲ್ಲಿ, ಕೊನೆಯದು ಅವನು ಸತ್ತ ಮೇಲೆ 1988ರಲ್ಲಿ. 1985ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡಾಗ ಇಂಡಿಯಾ ಬುಕ್ ಇನ್ನೂ ಕಪಾಟಿನಲ್ಲಿತ್ತು. ಶಿಷ್ಯ ಮೊರ್ದೆಖಾಯ್ ಅಕಿವಾ ಫ್ರೀಡ್‌ಮನ್ ಅದನ್ನು ಪೂರೈಸಿ ಇಂಗ್ಲಿಷಿನಲ್ಲಿ ಹೊರತಂದದ್ದು 2008ರಲ್ಲಿ. ಒಂದು ಪುಸ್ತಕಕ್ಕೆ ಸುಮಾರು ಅರವತ್ತು ವರ್ಷ, ಎರಡು ತಲೆಮಾರು! ಈಗಿನ ವಿಶ್ವವಿದ್ಯಾಲಯಗಳು ವರ್ಷಕ್ಕೆ ಇಷ್ಟು ಪ್ರಬಂಧವೆಂದು ಎಣಿಸುವ ಕ್ರಮದಲ್ಲಿ ಗೋಯ್ಟೈನ್‌ಗೆ ಬಡ್ತಿ ಸಿಗುವುದು ಕಷ್ಟವಿತ್ತು.

ಆ ಪುಸ್ತಕದ ನಡುಮನೆಯಲ್ಲಿರುವವನು ಅಬ್ರಹಾಂ ಬೆನ್ ಯಿಜೂ. ಟ್ಯುನೀಷಿಯಾದ ಮಹದಿಯಾ ಊರಿನವನು. ಸುಮಾರು 1132ರಿಂದ 1149ರವರೆಗೆ ಮಂಗಳೂರಿನ ಕಡೆಯಲ್ಲಿದ್ದು, ಕಂಚಿನ ಪಾತ್ರೆಯ ಕಾರ್ಖಾನೆ ನಡೆಸಿದ. ಯೆಮೆನ್‌ನ ಏಡನ್ ಬಂದರಿನ ಪಾಲುದಾರರು ಹಳೆಯ ತಾಮ್ರ, ಒಡೆದ ಪಾತ್ರೆ ಕಳಿಸಿ ಇಂಥ ಅಳತೆಯ ಬಟ್ಟಲು ಬೇಕೆಂದು ಬರೆಯುತ್ತಿದ್ದರು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಬರುತ್ತಿದ್ದ ಸಾಮಾನಿನಲ್ಲಿ ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಬಿಳಿ ಕಾಗದವೂ ಇತ್ತು. ಓಲೆಗರಿಯ ನಾಡಿನಲ್ಲಿ ಕಾಗದ ದುಬಾರಿ. ಬಂದ ಪತ್ರದ ಖಾಲಿ ಬೆನ್ನಿನ ಮೇಲೆ ಬೆನ್ ಯಿಜೂ ತನ್ನ ಲೆಕ್ಕ ಬರೆದ, ಹೀಬ್ರೂ ಪದ್ಯಗಳನ್ನೂ ಬರೆದ. 1132ರ ಅಕ್ಟೋಬರ್ 17ರಂದು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ಊಹೆ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಸೇವಕನ ಬೆನ್ನು ಹತ್ತಿ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಸೇವಕನ ಹೆಸರನ್ನು ‘ಬೊಮ್ಮ’ ಎಂದು ಓದಿಕೊಳ್ಳಲು ನೆರವಾದವರು ನಮ್ಮ ಬಿ.ಎ. ವಿವೇಕ ರೈ. ಕೇಂಬ್ರಿಜ್, ಜೆರುಸಲೇಮಿನವರಿಗೆ ಬಿಡಿಸಲಾಗದ್ದನ್ನು ತುಳು ಬಲ್ಲವರು ಬಿಡಿಸಿದರು.

ಏಲಕ್ಕಿಯ ಜಗಳ ನನಗೆ ಇನ್ನೂ ಹತ್ತಿರದ್ದು. ಏಲಕ್ಕಿ ಒದಗಿಸುತ್ತೇನೆಂದು ಮುಂಗಡ ತೆಗೆದುಕೊಂಡ ಸ್ಥಳೀಯ ವ್ಯಾಪಾರಿಯೊಬ್ಬ ಮಾಲು ಕೊಡಲಿಲ್ಲ. ಪತ್ರಗಳಲ್ಲಿ ಅವನನ್ನು ಕಾರ್ದಾರ್ ಎಂದಿದೆ. ಏಡನ್ನಿನ ಪಾಲುದಾರರು ಬೆನ್ ಯಿಜೂವಿಗೆ ಮತ್ತೆ ಮತ್ತೆ ಬರೆಯುತ್ತಾರೆ. ಕೊಡದಿದ್ದರೆ ಅವನ ಮಾನ ಹರಾಜು ಹಾಕುವ ಅಧಿಕೃತ ಪತ್ರ ಕಳಿಸುತ್ತೇವೆಂದು ಹೆದರಿಸು ಎಂದು ಒಬ್ಬ ಸಲಹೆ ಕೊಡುತ್ತಾನೆ. ಓದಿದವರೆಲ್ಲ ಕಾರ್ದಾರನನ್ನು ಮೋಸಗಾರನೆಂದೇ ತೀರ್ಮಾನಿಸಿದ್ದಾರೆ. ಇರಬಹುದು. ಆದರೆ ಏಲಕ್ಕಿ ಬರುವುದು ಎಲ್ಲಿಂದ? ಘಟ್ಟದ ಮೇಲಿಂದ. 19ನೇ ಶತಮಾನದ ಬರಹಗಳು ಕೊಡಗಿನ ಏಲಕ್ಕಿ ಮಲೆಯ ಕ್ರಮವನ್ನು ವಿವರಿಸುತ್ತವೆ: ಪಶ್ಚಿಮದ ಇಳಿಜಾರಿನ ದಟ್ಟ ಕಾಡಿನಲ್ಲಿ ಅಡಿಗಿಡ ಸವರಿ, ಒಂದು ಹೆಮ್ಮರವನ್ನು ಕಡಿದು ಬೀಳಿಸಬೇಕು. ಅದು ಸುತ್ತಲಿನ ಮರಗಳನ್ನೂ ಎಳೆದುಕೊಂಡು ನೆಲ ಅದುರುವಂತೆ ಉರುಳಿದರೆ ಕಾಡಿಗೆ ಬೆಳಕಿನ ಕಿಂಡಿ ಬೀಳುತ್ತದೆ. ಮಳೆ ಹಿಡಿದ ಮೇಲೆ, ಯಾರೂ ಬಿತ್ತದ ಏಲಕ್ಕಿ ಸಸಿಗಳು ಅಲ್ಲಿ ತಾವಾಗಿ ತಲೆ ಎತ್ತುತ್ತವೆ. ಫಸಲು ಕೈಗೆ ಸಿಗಲು ಮೂರು ನಾಲ್ಕು ವರ್ಷ ಕಾಯಬೇಕು. ಕೊಯ್ಲು ಮಳೆಗಾಲ ಮುಗಿಯುವ ಹೊತ್ತಿಗೆ, ಜಿಗಣೆಗಳ ನಡುವೆ. 12ನೇ ಶತಮಾನದಲ್ಲೂ ಹೀಗೇ ನಡೆಯುತ್ತಿತ್ತೆಂದು ಹೇಳಲು ಆಧಾರವಿಲ್ಲ. ಆದರೆ ಕಾಡು ಕೊಟ್ಟಾಗ ಕೊಡುವ ಬೆಳೆ, ಮಳೆಗೆ ಮುಚ್ಚುವ ಘಾಟಿ, ಮಾರುತಕ್ಕೆ ಕಾಯುವ ಹಡಗು, ಈ ಮೂರೂ ಹೊಂದದೆ ವಾಯಿದೆ ತಪ್ಪಿದವನನ್ನು ಏಡನ್ನಿನಲ್ಲಿ ಕೂತವನು ಕಳ್ಳನೆಂದೇ ಕರೆಯುತ್ತಾನೆ. ಕಾರ್ದಾರನ ಕಡೆಯ ಕಾಗದ ಒಂದೂ ಉಳಿದಿಲ್ಲ.

ಈ ಪತ್ರಗಳ ಬಂದರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಕೊಡಗಿನ ಅಂಚು ಇನ್ನೂ ಸ್ಪಷ್ಟ. ಮಂಜರೂರ್ ಎಂದರೆ ಮಂಗಳೂರು. ಸಂಪಾಜೆ ಘಾಟಿ ಇಳಿದು ಸುಳ್ಯದ ಮೇಲೆ ಹೋದರೆ ಸಿಗುವುದು. ಜುರ್ಬತ್ತನ್ ಎಂಬುದನ್ನು ಕಣ್ಣೂರು ಜಿಲ್ಲೆಯ ಶ್ರೀಕಂಠಪುರವೆಂದೋ ವಳಪಟ್ಟಣಂ ಎಂದೋ ಗುರುತಿಸುತ್ತಾರೆ. ವಳಪಟ್ಟಣಂ ಹೊಳೆಯ ನೀರು ನಮ್ಮ ಬ್ರಹ್ಮಗಿರಿಯದು. ವಿರಾಜಪೇಟೆಯಿಂದ ಮಾಕುಟ್ಟದ ದಾರಿ ಇಳಿಯುವಾಗ ಸಿಗುವ ಬರಪೊಳೆ ಅದಕ್ಕೇ ಸೇರುತ್ತದೆ. ಪಳಯಂಗಾಡಿ ಬಳಿಯ ಮಾಡಾಯಿಪ್ಪಾರದ ಮೇಲೆ ‘ಜೂದಕ್ಕುಳ’ ಎಂದು ಕರೆಯುವ ಕೆರೆ ಇಂದಿಗೂ ಇದೆ, ಯಹೂದಿಗಳ ಕೆರೆ. ಇಂದು ಕೊಡಗಿನ ತೋಟಗಳಲ್ಲಿ ಹಬ್ಬಿರುವ ಪನ್ನಿಯೂರು ಮೆಣಸಿನ ತಳಿಯೂ 1971ರಲ್ಲಿ ಅದೇ ಕಣ್ಣೂರು ಜಿಲ್ಲೆಯಿಂದ ಬಂದದ್ದು.

ಬೆನ್ ಯಿಜೂ ಮಧ್ಯಯುಗದವನು. ಆರಂಭಿಕ ಆಧುನಿಕ ಕಾಲಕ್ಕೆ, ಲೂರಿಯಾನ ಕಾಲಕ್ಕೆ ಬಂದರೆ ಈ ಕರಾವಳಿಯ ಕಥೆಯ ಬಣ್ಣವೇ ಬದಲು. ಗೋವೆಯಲ್ಲಿ ಪೋರ್ಚುಗೀಸರು 1560ರಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯ ತೆರೆದರು. ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಗ್ರಂಥದಲ್ಲಿ ಮೆಣಸಿಗೂ ಏಲಕ್ಕಿಗೂ ಅಧ್ಯಾಯಗಳಿವೆ. ಹೊರಗೆ ಕ್ರೈಸ್ತನಾಗಿದ್ದ ಅವನ ಮನೆತನ ಯಹೂದಿ. ಅವನು 1568ರಲ್ಲಿ ಸತ್ತ ಮರುವರ್ಷ ತಂಗಿ ಕತರೀನಾಳನ್ನು ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಓರ್ತಾ ಸತ್ತ ಆ 1568ರಲ್ಲೇ ಕೊಚ್ಚಿಯಲ್ಲಿ ರಾಜನ ಅರಮನೆಯ ಮಗ್ಗುಲಲ್ಲಿ ಪರದೇಶಿ ಸಿನಗಾಗ್ ಎದ್ದಿತು.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಒಂದು ಗೋರಿ ಇದೆ. 1615ರ ಡಿಸೆಂಬರಿಗೆ ಸರಿಹೊಂದುವ ಹೀಬ್ರೂ ದಿನಾಂಕ, ಹೆಸರು ನೆಹೆಮಿಯಾ ಮೋತಾ. ಕಲ್ಲು ಅವನನ್ನು ಕಬ್ಬಾಲಾ ಬಲ್ಲವನೆಂದು ಕರೆಯುತ್ತದೆ. ಅವನು ರಚಿಸಿದ ಹೀಬ್ರೂ ಪದ್ಯಗಳನ್ನು ಕೊಚ್ಚಿಯ ಯಹೂದಿಗಳು ಹಬ್ಬಗಳಲ್ಲಿ ಹಾಡಿಕೊಂಡು ಬಂದರು. ಹರಕೆ ಹೊತ್ತು ಅಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಇದ್ದಾರೆ. ಯಹೂದಿಗಳ ಬಹುಪಾಲು 1950ರ ದಶಕದಲ್ಲೇ ಇಸ್ರೇಲಿಗೆ ಹೋಯಿತು. ಶೋಲೆಮ್ಮನ ಪುಸ್ತಕಗಳಲ್ಲಿ ಸಫೇದಿನಿಂದ ಆಮ್‌ಸ್ಟರ್‌ಡಾಮ್‌ವರೆಗಿನ ಊರುಗಳು ತುಂಬಿವೆ. ಮಟ್ಟಾಂಚೇರಿ ಮಾತ್ರ ಅವನ ನಕ್ಷೆಯ ತೀರಾ ಹೊರಗೆ. ಹಡಗಿನ ದಾರಿಯಲ್ಲಿ ಮೆಣಸಿನ ಜೊತೆಗೇ ಪುಸ್ತಕವೂ ಓಡಾಡಿದ ಕರಾವಳಿಯನ್ನು ಹೀಗೆ ಬಿಟ್ಟಿದ್ದು ಆ ತಲೆಮಾರಿನ ಅನುಭಾವ ಅಧ್ಯಯನದ ದೊಡ್ಡ ಕೊರತೆ ಎಂದೇ ನಾನು ಹೇಳುತ್ತೇನೆ.

ಕರ್ನಾಟಕದ ಒಳನಾಡಿಗೂ ಒಂದು ಎಳೆ ಬರುತ್ತದೆ. ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವನು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಬೆನೆ ಇಸ್ರೇಲ್ ಎಂಬ ಹೆಸರು ಕುರ್‌ಆನಿನಲ್ಲಿ ಕೇಳಿದ್ದ ಟಿಪ್ಪುವಿನ ತಾಯಿ, ಇಂಥವರನ್ನು ಕಣ್ಣಾರೆ ಕಂಡದ್ದು ಇದೇ ಮೊದಲು, ಜೀವ ಉಳಿಸು ಎಂದು ಮಗನಿಗೆ ಹೇಳಿದಳೆಂದು ಆ ಸಮುದಾಯದ ನೆನಪು. ಹರಕೆ ತೀರಿಸಲು ಅವನು ಮುಂಬೈಯಲ್ಲಿ 1796ರಲ್ಲಿ ಕಟ್ಟಿಸಿದ ಸಿನಗಾಗ್ ಈಗಲೂ ಇದೆ. ಅದೇ ದಶಕಗಳಲ್ಲಿ ಶ್ರೀರಂಗಪಟ್ಟಣದ ಸೆರೆಗೆ ಕೊಡವರೂ ಕರಾವಳಿಯ ಕ್ಯಾಥೊಲಿಕರೂ ಹೋದರು. ಮೂರು ಸಮುದಾಯಗಳೂ ಆ ಸೆರೆಯ ನೆನಪನ್ನು ಬೇರೆ ಬೇರೆ ಭಾಷೆಗಳಲ್ಲಿ ಇಟ್ಟುಕೊಂಡಿವೆ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಂಥ ಓದಿಗೆ ಯಹೂದಿಯಾಗಿಯೇ ಹುಟ್ಟಬೇಕೆಂದಿಲ್ಲ. ಪಕ್ಕದ ಕೇರಳದಲ್ಲಿ ಮಲಯಾಳಂ ಪ್ರಾಧ್ಯಾಪಕ ಸ್ಕರಿಯಾ ಝಕರಿಯಾ, ಇಸ್ರೇಲಿನ ಒಫಿರಾ ಗಮ್ಲಿಯೆಲ್ ಜೊತೆ ಸೇರಿ ಕೊಚ್ಚಿಯ ಯಹೂದಿ ಹೆಂಗಸರ ಮಲಯಾಳಂ ಹಾಡುಗಳನ್ನು 2005ರಲ್ಲಿ ಜೆರುಸಲೇಮಿನಿಂದ ಪ್ರಕಟಿಸಿದರು. ಅಜ್ಜಿಯರ ನೋಟುಪುಸ್ತಕಗಳಲ್ಲಿದ್ದ ಹಾಡುಗಳು ಅವು. ತಲಶೇರಿಯಲ್ಲಿದ್ದ ಮಿಷನರಿ ಗುಂಡರ್ಟ್ ಸಂಗ್ರಹಿಸಿ ಜರ್ಮನಿಯ ಟ್ಯೂಬಿಂಗೆನ್ನಿಗೆ ಸಾಗಿಸಿದ್ದ ಹಸ್ತಪ್ರತಿಗಳ ಮೇಲೆ ಕೆಲಸ ಮಾಡಿದವರೂ ಝಕರಿಯಾ ಅವರೇ. ಆ ಗುಂಡರ್ಟನ ಜೊತೆಗಾರ ಹರ್ಮನ್ ಮೋಗ್ಲಿಂಗ್ ನಮ್ಮ ಆನಂದಪುರದಲ್ಲಿ ನೆಲೆಸಿ 1855ರಲ್ಲಿ ಕೊಡಗಿನ ಚರಿತ್ರೆ ಬರೆದವನು.

ಕೊಡಗಿನ ಹುಡುಗಿಯೊಬ್ಬಳು ಈ ದಾರಿ ಹಿಡಿಯುತ್ತೇನೆಂದರೆ ಮನೆಯವರು ಮೊದಲು ಕೇಳುವುದು ಕೆಲಸ ಎಲ್ಲಿ ಸಿಗುತ್ತದೆ ಎಂದೇ. ಪ್ರಾಮಾಣಿಕ ಉತ್ತರ: ಹುದ್ದೆಗಳು ಕಡಿಮೆ, ಹೆಚ್ಚಿನವು ಇಸ್ರೇಲ್, ಅಮೆರಿಕ, ಯುರೋಪಿನಲ್ಲಿ. ಹೀಬ್ರೂ ಮತ್ತು ಅರಬ್ಬೀ ಕಲಿಯಲೇಬೇಕು. ಆರಂಭಿಕ ಆಧುನಿಕ ಕಾಲಕ್ಕೆ ಪೋರ್ಚುಗೀಸ್ ಇಲ್ಲವೇ ಡಚ್ ಸೇರಿಸಬೇಕು. ಹಳೆಯ ಹೀಬ್ರೂವನ್ನು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಪಾದ್ರಿಗಳಾಗುವವರಿಗೆ ಕಲಿಸುತ್ತಾರೆ. ಆದರೆ ಅವಳಿಗೆ ಹುಟ್ಟಿನಿಂದಲೇ ಬಂದ ಕೊಡವ ತಕ್ಕ್, ಶಾಲೆಯ ಕನ್ನಡ, ಸಂತೆಯ ಮಲಯಾಳಂ, ಸುಳ್ಯದ ನೆಂಟರ ತುಳು, ಇವು ಪ್ರಿನ್ಸ್‌ಟನ್ನಿನವರು ವರ್ಷಗಟ್ಟಲೆ ಕಲಿತರೂ ಬಾರದಂಥವು. ಬೊಮ್ಮನ ಹೆಸರು ಬಿಡಿಸಿದ ಬಗೆ ನೆನೆದರೆ ಸಾಕು.

ಕಾಗದಕ್ಕಾಗಿ ಈಗ ಕೇಂಬ್ರಿಜ್‌ಗೆ ಹೋಗಬೇಕಾಗಿಲ್ಲ. ಗೆನೀಜಾದ ಚಿತ್ರಗಳು ಕೇಂಬ್ರಿಜ್ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಓದಿ ಬಿಡಿಸಿದ ಪಠ್ಯ ಪ್ರಿನ್ಸ್‌ಟನ್ ಗೆನೀಜಾ ಯೋಜನೆಯಲ್ಲಿದೆ. ಮಳೆಗಾಲದಲ್ಲಿ ಕರೆಂಟು ಇದ್ದರೆ ಸೋಮವಾರಪೇಟೆಯಲ್ಲಿ ಕೂತು ಬೆನ್ ಯಿಜೂವಿನ ಅಕ್ಷರ ನೋಡಬಹುದು. ಓರೆಯಾಗಿ ಓಡುವ ಕೈ, ಸಾಲು ತುಂಬಿದ ಮೇಲೆ ಅಂಚಿನಲ್ಲಿ ತಲೆಕೆಳಗಾಗಿ ಮುಂದುವರಿದ ಬರಹ. ಕಾರ್ದಾರನ ಮೇಲಿನ ದೂರುಗಳೂ ಅಲ್ಲೇ ಇವೆ, ಮುಂಗಡದ ಮೊತ್ತದ ಸಮೇತ.